ಮೇಡ್ಲೇರಿಯಲ್ಲೊಂದು ಸುಣ್ಣ ಕಾಣದ ಗೋಡೆ

ಮೇಡ್ಲೇರಿಯ ಖಾತೂನ್‌ಬಿಯವರ ಪಡಸಾಲೆಗೆ ಕಾಲಿಟ್ಟಾಗ ಮೊದಲು ಕಂಡದ್ದು ಗೋಡೆಯ ಮಸಿ. ಓಣಿಯ ಉಳಿದ ಮನೆಗಳೆಲ್ಲ ರಂಜಾನ್ ಹಬ್ಬಕ್ಕೆ ಹಚ್ಚಿದ ಸುಣ್ಣದಲ್ಲಿ ಇನ್ನೂ ಬೆಳ್ಳಗಿದ್ದವು.

ಗೆಳತಿ ಸುಮಿತ್ರಾ ಮೂರು ತಿಂಗಳ ಹಿಂದೆ ತೂಗುಹಾಕಿದ್ದ ಪುಟ್ಟ ಡಬ್ಬಿ ಜಂತಿಯಲ್ಲಿತ್ತು; ಅದನ್ನು ಮರಳಿ ಒಯ್ಯಲು ಅವಳೊಂದಿಗೆ ನಾನೂ ಬಂದಿದ್ದೆ. ನೆಲ, ಗೋಡೆಗಳ ಮಣ್ಣಿನಿಂದ ತಾನಾಗಿ ಹೊಮ್ಮುವ ರೇಡಾನ್ ಎಂಬ ಅನಿಲದ ವಿಕಿರಣ ಅದರೊಳಗಿನ ಫಿಲ್ಮಿನ ಮೇಲೆ ಗುರುತು ಕೊರೆಯುತ್ತದೆ. ಆ ಗುರುತುಗಳಿಂದ ಮನೆಯ ಗಾಳಿಯಲ್ಲಿ ಆ ಅನಿಲ ಎಷ್ಟಿದೆ ಎಂದು ಅಳೆಯುವುದೇ ಅವಳ ಸಂಶೋಧನೆ.

“ಹಬ್ಬಕ್ಕ ಸುಣ್ಣ ಹಚ್ಚಲಿಲ್ಲೇನ್ರಿ?” ಎಂದು ಕೇಳಿದೆ.

ಖಾತೂನ್‌ಬಿ ಸುಮಿತ್ರಾಳತ್ತ ಕೈ ತೋರಿಸಿದರು. “ಡಬ್ಬಿ ಇರೂತನ ಮನ್ಯಾಗ ಏನೂ ಬದಲ್ ಮಾಡಬ್ಯಾಡ್ರಿ ಅಂತ ಈ ಬಾಯಾರು ಹೇಳಿದ್ರಲ್ರಿ. ಹಬ್ಬಕ್ಕ ಬಂದ ಬೀಗರು ಗೋಡಿ ನೋಡಿ ನಕ್ಕರು. ನಕ್ಕರ ನಗಲಿ ಅಂದೆ.”

ನಾನಾಗಿದ್ದರೆ ಬೀಗರು ಬರುವ ಮೊದಲೇ ಡಬ್ಬಿಯನ್ನು ಕಿತ್ತೊಗೆಯುತ್ತಿದ್ದೆ.

ಸುಮಿತ್ರಾ ನನ್ನ ಮುಖ ನೋಡಿದಳು. ಎಂದಿನಂತೆ ಇರಿ ಎಂಬುದಷ್ಟೇ ಅವಳ ಮಾತಿನ ಅರ್ಥವಾಗಿತ್ತು. ಈ ಮನೆಯಲ್ಲಿ ಎಂದಿನಂತೆ ಎಂದರೆ ಹಬ್ಬದ ಸುಣ್ಣವೂ ಸೇರಿತ್ತು.

“ಖರೇ ಹೇಳ್ರಿ, ನಮ್ಮಿಂದ ಏನರ ತಪ್ಪಾತೇನು?” ನಮ್ಮ ಮುಖ ನೋಡಿ ಖಾತೂನ್‌ಬಿ ಕೇಳಿದರು.

“ಇಲ್ರಿ. ಇಷ್ಟು ಜೋಪಾನ ಯಾರೂ ಮಾಡಿಲ್ಲ,” ಎಂದಳು ಸುಮಿತ್ರಾ. ಸ್ಟೂಲು ಹತ್ತಿ ಡಬ್ಬಿ ಬಿಚ್ಚಿಕೊಂಡಳು.

ನಾವಿನ್ನೂ ಚಪ್ಪಲಿ ಮೆಟ್ಟುತ್ತಿದ್ದೆವು. ಖಾತೂನ್‌ಬಿ ಉರ್ದುವಿನಲ್ಲಿ ಗಂಡನನ್ನು ಕೂಗಿದರು. ಅವರು ಹಿತ್ತಲಿನಿಂದ ಸುಣ್ಣದ ಗಡಿಗೆಯನ್ನು ಹೊತ್ತು ತಂದರು. ಹಬ್ಬಕ್ಕೆಂದು ನೆನೆಹಾಕಿದ್ದ ಸುಣ್ಣ ಅದು. ಒಣಗದಂತೆ ದಿನವೂ ನೀರು ಹಾಕುತ್ತ, ನಮ್ಮ ದಾರಿ ಕಾದಿದ್ದರು.