ಹಿಮದ ಗುಡ್ಡಕ್ಕೆ ಬಂದ ಮಲ್ಲಕಂಬದ ಕಾಕಾ

ಅವರ ಎರಡೂ ಪಾದದ ಹೆಬ್ಬೆರಳುಗಳು ಉಳಿದ ಬೆರಳುಗಳ ಮೇಲೆ ಮುನಿಸಿಕೊಂಡಂತೆ ದೂರ ಸರಿದು ನಿಂತಿದ್ದವು. ನಡುವಿನ ಸಂದಿಯಲ್ಲಿ ನಿಂಬೆಹಣ್ಣು ಸಿಕ್ಕಿಸಿದರೂ ಬೀಳುತ್ತಿರಲಿಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ ಕಾಲುಚೀಲ ಕಳಚಿ, ಬಿಸಿಗಾಳಿ ಬರುವ ನೆಲದ ಜಾಲರಿಯ ಮೇಲೆ ಪಾದ ಊರಿಕೊಂಡು ಕುಳಿತರು. ನಾನು ಕಾಫಿ ಲೋಟ ಹಿಡಿದುಕೊಂಡು ಆ ಪಾದಗಳನ್ನೇ ನೋಡುತ್ತ ನಿಂತುಬಿಟ್ಟೆ.

"ಏನ್ ನೋಡಾಕತ್ತೀರಿ ಅಕ್ಕಾರ? ಕಂಬಾ ಹಿಡದು ಹಿಡದು ಹಿಂಗ ಆಗ್ಯಾವ. ಕೈ ಬಿಟ್ರೂ ಇವು ಬಿಡೂದಿಲ್ಲ," ಎಂದು ಹೆಬ್ಬೆರಳುಗಳನ್ನು ಕುಣಿಸಿ ತೋರಿಸಿದರು. ಆಗಿನ್ನೂ ಚಿಕ್ಕವಳಾಗಿದ್ದ ನನ್ನ ಮಗಳು ಪುಟ್ಟಿ ಸೋಫಾದ ಹಿಂದಿನಿಂದ ಇಣುಕಿ ನೋಡಿ, "ಅಮ್ಮಾ, ಕೋತಿ ಕಾಲು!" ಎಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆನಡಾದ ಮಿಸಿಸಾಗದ ನಮ್ಮ ಸಾಲುಮನೆಗಳಲ್ಲಿ ಅವರ ಮಗಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಗದಗಿನ ಕಡೆಯ ಒಂದು ಊರಿನಲ್ಲಿ ಗರಡಿಮನೆ ನಡೆಸಿ, ಆಯುಷ್ಯವಿಡೀ ಮಕ್ಕಳಿಗೆ ಮಲ್ಲಕಂಬ ಕಲಿಸಿ, ಆಮೇಲೆ ಮಗಳ ಜೊತೆ ಇರಲು ಬಂದವರು. ಎಣ್ಣೆ ಹಚ್ಚಿದ ತೇಗದ ಕಂಬವನ್ನು ಏರಿ, ಅದರ ಮೇಲೆ ತಲೆಕೆಳಗಾಗಿ ನಿಲ್ಲುವ, ಹಾವಿನಂತೆ ಸುತ್ತಿಕೊಳ್ಳುವ ಆ ಕಸರತ್ತನ್ನು ನಾನು ಚಿಕ್ಕವಳಿದ್ದಾಗ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಒಮ್ಮೆ ನೋಡಿದ್ದೆ. ಅದೂ ಅರ್ಧ ಕಣ್ಣು ಮುಚ್ಚಿಕೊಂಡು.

ನಮಗೆಲ್ಲ ಅವರು ಕಾಕಾ. ಎದುರು ಮನೆಯ ಪಂಜಾಬಿ ಅಜ್ಜನಿಗೆ ಪೈಲ್ವಾನ್‌ಜಿ. ತಮ್ಮ ಮಗಳ ವಯಸ್ಸಿನವಳಾದ ನನ್ನನ್ನು ಅವರು ಬಾಯಿತುಂಬ ಅಕ್ಕಾರ ಎನ್ನುತ್ತಿದ್ದರು. ಕೋಟಿನ ಒಂದು ಜೇಬಿನಲ್ಲಿ ಹುರಿದ ಶೇಂಗಾ, ಇನ್ನೊಂದರಲ್ಲಿ ಬೆಲ್ಲದ ಚೂರು. ಹಿಮ ಬಿದ್ದ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಎತ್ತಿಟ್ಟು, ಬನಿಯನ್ನಿನಲ್ಲಿ ಸೂರ್ಯನಮಸ್ಕಾರ ಹಾಕುತ್ತಿದ್ದರು. ಯಾರಾದರೂ ತಮ್ಮ ಮಗ ಗಣಿತದಲ್ಲಿ ಮೊದಲು ಬಂದ ಎಂದು ಹೇಳಿಕೊಂಡರೆ ಗಂಭೀರವಾಗಿ ಕೇಳಿಸಿಕೊಂಡು, "ಅದಿರ್ಲಿ, ಗಿಡಾ ಹತ್ತತಾನೇನು?" ಎಂದು ಕೇಳುತ್ತಿದ್ದರು.

ನಾನು ಗಿಡ ಹತ್ತದೆ ಬೆಳೆದವಳು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಸೂತಿ, ಇಂಗ್ಲಿಷ್ ಪದ್ಯ, ಮೊಣಕಾಲು ಜೋಡಿಸಿ ಕೂರುವುದು ಎಲ್ಲವನ್ನೂ ಅಚ್ಚುಕಟ್ಟಾಗಿ ಕಲಿಸಿದರು. ಕಾರಿಡಾರಿನಲ್ಲಿ ಓಡಿದರೆ, ಓಡಿದಷ್ಟೂ ದೂರ ವಾಪಸು ಹೋಗಿ ನಡೆದುಕೊಂಡು ಬರಬೇಕಿತ್ತು. ಅಂಥವಳಿಗೆ ಪುಟ್ಟಿ ಮಗಳಾಗಿ ಹುಟ್ಟಿದಳು. ಶಾಲೆಯವರು ಕರೆದುಕೊಂಡು ಹೋದ ಗುಡ್ಡದಲ್ಲಿ, ಎರಡೂ ಕಾಲಿಗೆ ಒಂದೇ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಹತ್ತಿದವಳು ಮತ್ತೆ ಇಳಿಯಲೇ ಇಲ್ಲ. ಹೈಸ್ಕೂಲಿಗೆ ಬರುವಷ್ಟರಲ್ಲಿ ಬರೀ ಜಾರುವುದು ಸಪ್ಪೆಯಾಯಿತು. ಟೆರೈನ್ ಪಾರ್ಕಿಗೆ ಹೋಗಬೇಕು ಎಂದು ಹಟ ಹಿಡಿದಳು.

ಟೆರೈನ್ ಪಾರ್ಕ್ ಎಂದರೆ ಹೂವಿನ ಗಿಡಗಳ ಪಾರ್ಕಲ್ಲ. ಗುಡ್ಡದ ಒಂದು ಪಕ್ಕವನ್ನು ಬೇರೆ ಮಾಡಿ, ಹಿಮವನ್ನು ಒಟ್ಟಿ ದಿಬ್ಬಗಳನ್ನು ಕಟ್ಟಿ, ನಡುನಡುವೆ ಕಬ್ಬಿಣದ ಹಳಿ, ಉದ್ದನೆಯ ಪೆಟ್ಟಿಗೆಗಳನ್ನು ನೆಟ್ಟಿರುತ್ತಾರೆ. ಸ್ಕೀ ಕಟ್ಟಿದವರು, ಬೋರ್ಡ್ ಕಟ್ಟಿದವರು ದಿಬ್ಬದಿಂದ ಹಾರಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ ಕೆಳಗಿಳಿಯುತ್ತಾರೆ. ಸರಿಯಾಗಿ ಇಳಿದರೆ ಸರಿ. ದೀಪಾವಳಿ ಕೂಟದಲ್ಲಿ ಯಾರೋ ತಮ್ಮ ಭಾವನ ಮಗ ಹಾಗೆ ಇಳಿಯದೆ ಭುಜದ ಮೂಳೆ ಮುರಿದುಕೊಂಡ ಕಥೆಯನ್ನು ಹೋಳಿಗೆ ತಿನ್ನುತ್ತ ವಿವರವಾಗಿ ಹೇಳಿದ್ದರು. ನಾನು "ಬೇಡ" ಎಂದುಬಿಟ್ಟೆ.

ಪುಟ್ಟಿ ಕೂಗಾಡಲಿಲ್ಲ, ಅಳಲಿಲ್ಲ. ನನ್ನ ಜೊತೆ ಕನ್ನಡ ಆಡುವುದನ್ನು ನಿಲ್ಲಿಸಿದಳು. "ಅಮ್ಮಾ" ಹೋಗಿ "ಮಾಮ್" ಬಂತು. ಊಟಕ್ಕೆ ಕರೆದರೆ "ನಾಟ್ ಹಂಗ್ರಿ." ಶಾಲೆ ಹೇಗಿತ್ತು ಎಂದರೆ "ಫೈನ್." ಇಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರಿಸುತ್ತಾರೆ, ಅದೇನೂ ಹೊಸದಲ್ಲ. ಆದರೆ ನಮ್ಮವಳು ಸಾರಿಗೆ ಉಪ್ಪು ಕಡಿಮೆ ಎಂಬುದರಿಂದ ಹಿಡಿದು ಗೆಳತಿಯರ ಜಗಳದವರೆಗೆ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಅವಳು ಹರಟುವ ಆ ಹೊತ್ತು ನನ್ನ ದಿನದ ಸಕ್ಕರೆ. ಅದು ನಿಂತುಹೋಯಿತು.

"ಅಕ್ಕಾರ, ನಿಮ್ಮ ಗ್ವಾಡಿ ಯಾಕ ಸುಮ್ಮನಾಗೈತಿ?" ಎಂದು ಕಾಕಾ ಒಂದು ದಿನ ಕೇಳಿದರು. ಎಲ್ಲ ಹೇಳಿದೆ. ಅವರು ಹುಡುಗಿಯ ಪರ ವಹಿಸುತ್ತಾರೆ ಎಂದುಕೊಂಡಿದ್ದೆ.

"ಹುಡುಗಿ ಬೀಳೂದು ಕಲತೈತೇನು?" ಎಂದರು.

"ಬೀಳೋದನ್ನ ಯಾರಾದ್ರೂ ಕಲೀತಾರಾ ಕಾಕಾ?"

"ಮತ್ತ? ನಮ್ಮ ಗರಡಿಮನ್ಯಾಗ ಬೀಳೂದು ಬರೂತನಕಾ ಕಂಬಾ ಮುಟ್ಟಾಕ ಬಿಡೂದಿಲ್ಲ. ಏರೂದು ಎಲ್ಲಾರೂ ನೋಡ್ತಾರ, ಚಪ್ಪಾಳಿ ಹೊಡೀತಾರ. ಇಳಿಯೂದು ಯಾರು ನೋಡ್ತಾರ?" ಬೆಲ್ಲದ ಚೂರೊಂದನ್ನು ನನ್ನ ಅಂಗೈಗೆ ಹಾಕಿದರು. "ಬ್ಯಾಡ ಅನ್ನೂದಾದ್ರ ಅನ್ರಿ. ಹೋಗಿ ನೋಡಿ ಅನ್ರಿ."

ಹೋಗಿ ನೋಡುವುದೆಂದು ತೀರ್ಮಾನವಾಯಿತು. ಕಾಕಾ ಜೊತೆಗೆ ಬರಬೇಕು, ನೋಡಿದ ಮೇಲೂ ನಾನು ಬೇಡ ಎಂದರೆ ಪುಟ್ಟಿ ಈ ಚಳಿಗಾಲ ಆ ಮಾತೆತ್ತಬಾರದು. "ಫೈನ್," ಎಂದಳು.

ನನ್ನ ಯಜಮಾನರು ವಿಮಾನ ನಿಲ್ದಾಣದ ಹತ್ತಿರದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರು. ಲ್ಯಾಪ್‌ಟಾಪ್ ತೆರೆದು ಕುಳಿತರು. "ಇಲ್ನೋಡೇ, ಇದು ಟಾಪ್ ರೇಟೆಡ್. ಎತ್ತರ ಜಾಸ್ತಿ, ಜಂಪುಗಳೂ ದೊಡ್ಡವು. ಇದು ಸೆಕೆಂಡ್ ಬೆಸ್ಟು, ಆದ್ರೆ ಪಾರ್ಕಿಂಗ್ ಚೆನ್ನಾಗಿದೆ..." ಕಾಕಾ ಯಜಮಾನರ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಸಾಹೇಬ್ರ, ಮಗಳಿಗೆ ಗುಡ್ಡಾ ಹುಡುಕಾಕತ್ತೀರೋ, ಗಂಡು ಹುಡುಕಾಕತ್ತೀರೋ?"

ಶನಿವಾರ ಬೆಳಿಗ್ಗೆ ಹೊರಟೆವು. ಕಾಕಾ ಧೋತರದ ಒಳಗೆ ಥರ್ಮಲ್, ಮೇಲೆ ಅಳಿಯನ ದಪ್ಪ ಪಾರ್ಕಾ ಕೋಟು, ತಲೆಗೆ ಮಂಕಿಕ್ಯಾಪ್ ಹಾಕಿಕೊಂಡು, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಪುಟ್ಟಿ ಕಿವಿಗೆ ಹಾಡು ತುರುಕಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು.

ಟಾಪ್ ರೇಟೆಡ್ ಗುಡ್ಡ ನಿಜಕ್ಕೂ ಭರ್ಜರಿಯಾಗಿತ್ತು. ಜೋರು ಸಂಗೀತ, ಬಣ್ಣದ ಬಾವುಟಗಳು, ಮನೆಯಷ್ಟು ಎತ್ತರದ ದಿಬ್ಬಗಳು. ಎಲ್ಲರೂ ಮೇಲೆ ಹಾರುವವರನ್ನು ನೋಡುತ್ತಿದ್ದರೆ ಕಾಕಾ ಬೇಲಿಗೆ ಆತು ನಿಂತು ಕೆಳಗೆ, ಅವರು ಬಂದಿಳಿಯುವ ಜಾಗವನ್ನೇ ನೋಡುತ್ತಿದ್ದರು. ನಾನೂ ಅಲ್ಲೇ ನೋಡತೊಡಗಿದೆ. ಹಾರಿದವರು ಇಳಿಜಾರಿನ ಮೇಲೆ ಇಳಿಯುವ ಬದಲು ಅದನ್ನು ದಾಟಿ ಸಪಾಟು ನೆಲಕ್ಕೆ ಧೊಪ್ಪನೆ ಬೀಳುತ್ತಿದ್ದರು. ಚಿಕ್ಕ ದಿಬ್ಬ ಒಂದೂ ಕಾಣಲಿಲ್ಲ. ಒಬ್ಬ ಬಿದ್ದು ಇನ್ನೂ ಏಳುತ್ತಿರುವಾಗಲೇ ಇನ್ನೊಬ್ಬ ಮೇಲಿಂದ ಹಾರಿ, ಅವನ ಪಕ್ಕದಲ್ಲೇ ಹಾದುಹೋದ.

"ನಡೀರಿ," ಎಂದರು ಕಾಕಾ.

"ಸೀರಿಯಸ್ಲಿ?" ಎಂದಳು ಪುಟ್ಟಿ. ಬೋರ್ಡನ್ನು ಕಾರಿನಿಂದ ಇಳಿಸಿಯೂ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ನಿಂತಿತ್ತು. ಸತ್ಯ ಹೇಳಬೇಕೆಂದರೆ, ಸದ್ಯ ಮುಗಿಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು.

"ಅಳಬ್ಯಾಡವಾ. ಒಂದ ಕಂಬಾ ಡೊಂಕಿದ್ರ ಮಲ್ಲಕಂಬನ ಬಿಟ್ಟಬಿಡ್ತಾರೇನು? ಇನ್ನೊಂದು ಗುಡ್ಡಾ ನೋಡೂನು," ಎಂದರು.

ಇನ್ನೊಂದು ಗುಡ್ಡ ಯಜಮಾನರ ಪಟ್ಟಿಯ ತೀರಾ ಕೆಳಗಿತ್ತು. ಹೊಲಗಳ ನಡುವೆ ಮುದುಡಿ ಕುಳಿತ ಸಣ್ಣ ಗುಡ್ಡ. ಆದರೆ ಅಲ್ಲಿ ದಿಬ್ಬಗಳು ಅಣ್ಣತಮ್ಮಂದಿರಂತೆ ಸಾಲಾಗಿ ನಿಂತಿದ್ದವು: ಮಂಡಿಯೆತ್ತರದ್ದು, ಸೊಂಟದೆತ್ತರದ್ದು, ಅದಕ್ಕಿಂತ ದೊಡ್ಡದು. ಪ್ರತಿಯೊಂದರ ಆಚೆ ಒಳ್ಳೆಯ ಇಳಿಜಾರು. ಹೊರಡುವ ಮೊದಲು ಮಕ್ಕಳು "ಡ್ರಾಪಿಂಗ್!" ಎಂದು ಕೂಗಿ, ತಾವು ಇಳಿಯುವುದನ್ನು ಉಳಿದವರಿಗೆ ತಿಳಿಸುತ್ತಿದ್ದರು. ನಾವು ನೋಡುತ್ತಿದ್ದಂತೆಯೇ ಸ್ಕೀ ಹಾಕಿದ ಹುಡುಗಿಯೊಬ್ಬಳು ದಿಬ್ಬದಾಚೆ ಬಿದ್ದಳು. ಕೂಡಲೇ ಇನ್ನೊಬ್ಬಳು ದಿಬ್ಬದ ಬಳಿ ನಿಂತು ಎರಡೂ ಕೈಗಳನ್ನು ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿದಳು. ಮೇಲಿದ್ದವರೆಲ್ಲ ಗಕ್ಕನೆ ನಿಂತರು. ಬಿದ್ದವಳು ಎದ್ದು ಪಕ್ಕಕ್ಕೆ ಸರಿಯುವ ತನಕ ಒಬ್ಬರೂ ಕದಲಲಿಲ್ಲ.

ಕಾಕಾ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ನೋಡಿದ್ರೇನ್ ಅಕ್ಕಾರ? ಇದು ಗರಡಿಮನಿ!"

ನಾನು ಇನ್ನೂ ಹೂಂ ಎನ್ನಲಿಲ್ಲ. ಮೊದಲು ಪಾರ್ಕಿನ ಪಕ್ಕದ ಮಾಮೂಲಿ ಇಳಿಜಾರಿನಲ್ಲಿ ಜಾರಿ ತೋರಿಸಲಿ ಎಂದೆ. ಟಿಕೆಟ್ ತರಲು ನಾವು ಮೂವರೂ ಹೋಗಿ ಬಂದೆವು. ಕಾಕಾ ಕಾರಿನ ಬಳಿ ಬೋರ್ಡ್ ಹಿಡಿದುಕೊಂಡು ಭಕ್ತಿಯಿಂದ ನಿಂತಿದ್ದರು. ಪುಟ್ಟಿ ಮೇಲೆ ಹೋಗಿ ಬೋರ್ಡ್ ಕಟ್ಟಿಕೊಂಡು, ಮೈ ಮುಂದಕ್ಕೆ ಬಾಗಿಸಿದಳು. ಬೋರ್ಡ್ ಕದಲಲಿಲ್ಲ. ಕುಪ್ಪಳಿಸಿದಳು. ಗೂಟ ಹೊಡೆದ ಹಾಗೆ ನಿಂತಲ್ಲೇ ನಿಂತಳು. ಮೂರು ವರ್ಷದ ಮಗುವೊಂದು ಪುಟಾಣಿ ಸ್ಕೀ ಮೇಲೆ ಅವಳನ್ನು ದಾಟಿಕೊಂಡು ಹೋಯಿತು. ಕುಳಿತು ಬೋರ್ಡ್ ಎತ್ತಿ ನೋಡಿದರೆ ಅಡಿಯಲ್ಲಿ ಬೂದುಬಣ್ಣದ ಹಿಮ ಇಡ್ಲಿಹಿಟ್ಟಿನಂತೆ ಮೆತ್ತಿಕೊಂಡಿತ್ತು. ಬೆರಳಲ್ಲಿ ಮುಟ್ಟಿ ಮೂಸಿದಳು.

"ಕಾಕಾ! ವಾಟ್ ಡಿಡ್ ಯೂ ಡೂ?"

"ಔಡಲೆಣ್ಣಿ ಹಚ್ಚೀನವಾ," ಎಂದರು ಕಾಕಾ ಕೆಳಗಿನಿಂದ, ಹೆಮ್ಮೆಯಿಂದ. ಮೊಣಕಾಲಿಗೆಂದು ಸದಾ ಜೇಬಿನಲ್ಲಿರುತ್ತಿದ್ದ ಸೀಸೆಯನ್ನು ಎತ್ತಿ ತೋರಿಸಿದರು. "ಕಂಬಕ್ಕ ಹಚ್ಚತೀವಲ್ಲ, ಹಂಗ. ಛಲೋ ಜಾರ್ಲಿ ಅಂತ ಇಡೀ ಸೀಸೇನ ಸುರುವೀನಿ!"

ಪುಟ್ಟಿಯ ಮುಖ ಒಂದು ಕ್ಷಣ ಕೆಂಪಾಯಿತು. ಆಮೇಲೆ ಎಲ್ಲಿತ್ತೋ ಆ ನಗು, ಒಳಗಿನಿಂದ ಉಕ್ಕಿ ಬಂತು. ನಕ್ಕು ನಕ್ಕು ಹಿಮದ ಮೇಲೆ ಅಂಗಾತ ಬಿದ್ದಳು. "ಅಮ್ಮಾ! ಅಮ್ಮಾ, ಕಾಕಾ ನನ್ನ ಬೋರ್ಡಿಗೆ ಹರಳೆಣ್ಣೆ ಹಚ್ಚಿಬಿಟ್ಟಿದ್ದಾರೆ ಕಣಮ್ಮಾ! ತಲೆಗೆ ಹಚ್ಚೋ ಎಣ್ಣೆ!"

ಎಷ್ಟೋ ದಿನಗಳ ಮೇಲೆ ಆ "ಅಮ್ಮಾ" ಕೇಳಿಸಿತು. ನಾನೂ ನಗತೊಡಗಿದೆ. ಕಾಕಾ ಮಾತ್ರ ತಾವು ಮಾಡಿದ ತಪ್ಪು ಏನೆಂದು ತಿಳಿಯದೆ, "ಬೆಚ್ಚಗ ಮಾಡಿ ಹಚ್ಚಬೇಕಿತ್ತೇನು?" ಎಂದು ಯಜಮಾನರನ್ನು ಕೇಳುತ್ತಿದ್ದರು.

ಗುಡ್ಡದ ಬುಡದ ರಿಪೇರಿ ಅಂಗಡಿಯಲ್ಲಿ, ಚಳಿಗೆ ಅಂಟಾಗಿ ಹಿಮ ಹಿಡಿದುಕೊಂಡಿದ್ದ ಎಣ್ಣೆ ಕೆರೆದು, ಜಾರುವ ಮೇಣ ಹಚ್ಚಿ ಕೊಡುತ್ತೇವೆ ಎಂದರು. ಕಾಯುವ ಹೊತ್ತಿನಲ್ಲಿ ಕಾಕಾ ನನ್ನ ಕಡೆ ತಿರುಗಿದರು.

"ಅಕ್ಕಾರ, ಈಗ ನೀವು ಬೀಳ್ರಿ."

"ನಾನಾ?"

"ಹೂಂ. ಅಂಜಿಕಿ ಇರೂದು ನಿಮಗ. ಹುಡುಗಿಗೆ ಕಲಿಸಿ ಏನ್ ಮಾಡ್ಲಿ?"

ಸುತ್ತ ನೋಡಿದೆ. ಯಾರೂ ನಮ್ಮನ್ನು ಗಮನಿಸುತ್ತಿರಲಿಲ್ಲ. "ಗದ್ದಾ ಎದಿಗೆ ಹಚ್ರಿ. ಕೈ ಮುಂದ ಚಾಚಬ್ಯಾಡ್ರಿ, ಮುರೀತಾವ. ಮಗ್ಗಲಕ ಉರುಳ್ರಿ, ಬಾಳಿ ಹಣ್ಣಿನಂಗ ಮೆತ್ತಗ." ಬಾಳೆಹಣ್ಣಿನ ಹಾಗೆ ಉರುಳುವುದು ಹೇಗೆಂದು ಯೋಚಿಸುತ್ತ ನಿಂತವಳನ್ನು ಪುಟ್ಟಿ ಹಿಂದಿನಿಂದ ಮೆಲ್ಲಗೆ ತಳ್ಳಿದಳು. ಬಿದ್ದೆ. ಕತ್ತಿನೊಳಗೆ ಹಿಮ ನುಗ್ಗಿತು, ಬಿಂದಿ ಎಲ್ಲೋ ಹೋಯಿತು. ಆದರೆ ನೋವಾಗಲಿಲ್ಲ! ಬೇಕೆಂದೇ ಬಿದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. "ಇನ್ನೊಂದ್ಸಲ," ಎಂದೆ. ತಾಯಿ ಮಗಳು ಕೂಡಿ ಆ ಇಳಿಜಾರಿನ ಬುಡದಲ್ಲಿ ಬಿದ್ದದ್ದೇ ಬಿದ್ದದ್ದು. ಯಜಮಾನರು ವಿಡಿಯೋ ಮಾಡಿಕೊಂಡರು. ಅದನ್ನು ಮೈಸೂರಿಗೆ ಕಳಿಸಕೂಡದೆಂದು ಆಣೆ ಹಾಕಿಸಿಕೊಂಡೆ.

ಬೋರ್ಡ್ ಬಂದ ಮೇಲೆ ಪುಟ್ಟಿ ನನ್ನ ಮುಖ ನೋಡಿದಳು. ನಾನು ಮಂಡಿಯೆತ್ತರದ ದಿಬ್ಬವನ್ನು ತೋರಿಸಿದೆ. ಅವಳು ಹಾರಿದಳು. ನೆಲದಿಂದ ಗೇಣುದ್ದವೂ ಮೇಲೆದ್ದಿರಲಿಕ್ಕಿಲ್ಲ. ಇಳಿದಳು, ತೂಗಾಡಿದಳು, ಮಗ್ಗುಲಿಗೆ ಉರುಳಿ ಬಿದ್ದಳು. ಕಾಕಾ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು, ಧೋತರ ಗಾಳಿಗೆ ಪಟಪಟಿಸುತ್ತ, ಕಾವಲುಗಾರನಂತೆ ನಿಂತೇಬಿಟ್ಟರು. ಅಲ್ಲಿಂದ ಆ ಚಳಿಗಾಲವಿಡೀ ಶನಿವಾರಗಳಂದು ಅದೇ ಅವರ ಕೆಲಸ. ಯಾರ ಮಕ್ಕಳು ಬಿದ್ದರೂ ಅವರ ಕೈ ಮೇಲೇಳುತ್ತಿತ್ತು. ಆ ಮಕ್ಕಳು ಅವರನ್ನು ಕೋಚ್ ಎಂದು ಕರೆಯತೊಡಗಿದರು. ಏಳುವವರಿಗೆಲ್ಲ ಒಂದೊಂದು ಚೂರು ಬೆಲ್ಲ.

ಮರುವರ್ಷ ಯುಗಾದಿಯ ಹೊತ್ತಿಗೆ ಅವರ ಹೃದಯ ಸೋತಿತು. ಆಸ್ಪತ್ರೆಗೆ ನೋಡಲು ಹೋದಾಗ ಪುಟ್ಟಿಯನ್ನು ಹತ್ತಿರ ಕರೆದು, "ಈ ವಾರ ಬಿದ್ದೇನು?" ಎಂದರು.

"ತುಂಬಾ ಸಲ ಕಾಕಾ."

"ಶಾಬಾಸ್," ಎಂದು ಅವಳ ಕೆನ್ನೆ ತಟ್ಟಿದರು. ನಮಗೆ ಅವರಾಡಿದ ಕೊನೆಯ ಮಾತು ಅದೇ. ಅವರು ಹೋದ ದಿನ ಗೋಡೆಯ ಆಚೆ ಅವರ ಮಗಳು ಅಳುತ್ತಿದ್ದಳು, ಈಚೆ ನಾನು. ಅಷ್ಟರಲ್ಲಿ ಪುಟ್ಟಿ ಹರಳೆಣ್ಣೆಯ ಕಥೆ ತೆಗೆದಳು. ಅವರ ಮಗಳಿಗೂ ಅದನ್ನು ಹೋಗಿ ಹೇಳಿದೆವು. ಕಣ್ಣೀರು ಒರೆಸಿಕೊಳ್ಳುತ್ತಲೇ ಮೂವರೂ ನಕ್ಕೆವು.

ಕಳೆದ ಚಳಿಗಾಲಕ್ಕೆ ಆ ಸಣ್ಣ ಗುಡ್ಡ ಪುಟ್ಟಿಗೆ ಸಾಲದಾಯಿತು. ಈ ಸಲ ಹೊಸ ಪಾರ್ಕ್ ಹುಡುಕಲು ಕರೆದುಕೊಂಡು ಹೋದವಳು ನಾನು. ಒಂದು ಕಡೆ ಬೇಲಿಗೆ ಆತು ನಿಂತು ಬಹಳ ಹೊತ್ತು ಕೆಳಗೆ ನೋಡಿ, "ಇದು ಬೇಡ, ನಡಿ" ಎಂದೆ. ಪುಟ್ಟಿ ಯಾಕೆಂದು ಕೇಳಲಿಲ್ಲ, ಅವಳಿಗೂ ಕಂಡಿತ್ತು. ಇನ್ನೊಂದು ಕಡೆ ನಾನು ನೋಡುತ್ತ ನಿಂತದ್ದನ್ನು ಕಂಡು, ಕೆಂಪು ಜಾಕೆಟ್ಟಿನ ರಕ್ಷಣಾ ಸಿಬ್ಬಂದಿಯ ಯುವಕನೊಬ್ಬ ಬಂದು, ಇಷ್ಟು ಗಮನವಿಟ್ಟು ನೋಡುತ್ತಿದ್ದೀರಲ್ಲ, ನೀವೂ ಬೋರ್ಡ್ ಮಾಡುತ್ತೀರಾ ಎಂದು ವಿನಯದಿಂದ ಕೇಳಿದ.

"ಇಲ್ಲ," ಎಂದೆ ಇಂಗ್ಲಿಷಿನಲ್ಲಿ. "ನಮ್ಮ ಕಾಕಾ ಒಬ್ಬರು ಕಂಬ ಹತ್ತುತ್ತಿದ್ದರು."

ಅವನಿಗೆ ಏನೂ ಅರ್ಥವಾಗಲಿಲ್ಲ, ಪಾಪ. ಪುಟ್ಟಿ ಮಾತ್ರ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಕಿಸಕ್ಕನೆ ನಕ್ಕಳು.

"ಅಮ್ಮಾ, ಹೋಗ್ಲಾ?"

"ಹೋಗು," ಎಂದೆ.