ನಾನು ಒತ್ತದ ಒಪ್ಪಿಗೆ

ಆ ಭಾನುವಾರ ನನಗೆ ಬೆಳಗಿನ ಪಾಳಿ. ಸುಳ್ಯದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಮಧ್ಯಾಹ್ನ ಅರಂತೋಡಿನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅಂಗಳದಲ್ಲಿ ಗುರುತಿಲ್ಲದ ಬಿಳಿ ಕಾರೊಂದು ನಿಂತಿತ್ತು. ಹಿಂದಿನ ಬಾಗಿಲಲ್ಲಿ ಕಾಯುತ್ತಿದ್ದ ಅತ್ತಿಗೆ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡರು.

“ಬೇಗ ಮುಖ ತೊಳ್ದು ಸೀರೆ ಉಟ್ಕೊ. ಅವ್ರು ಬಂದು ತುಂಬಾ ಹೊತ್ತಾಯ್ತು.”

“ಯಾರು ಬಂದದ್ದು?”

“ಯಾರು ಅಂತ ನನ್ನತ್ರ ಕೇಳುದಾ? ಒಪ್ಪಿಗೆ ಕೊಟ್ಟದ್ದು ನೀನಲ್ವಾ?”

ನನಗೆ ತಲೆಬುಡ ಗೊತ್ತಾಗಲಿಲ್ಲ. ಸೀರೆ ಉಡದೆ, ಆಸ್ಪತ್ರೆಯ ಚೂಡಿದಾರದಲ್ಲೇ ಹೊರಗೆ ಹೋದೆ. ಜಗಲಿಯಲ್ಲಿ ಅಣ್ಣ ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು ಕೂತಿದ್ದ. ಅವನೆದುರು ಐವತ್ತರ ಆಸುಪಾಸಿನ ಹೆಂಗಸು, ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ನಲವತ್ತು ದಾಟಿದ ಗಂಡಸು. ಗಂಡಸಿನ ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಫೋನಿನಲ್ಲಿ ನೋಡಿದ ಮುಖ. ಈಶ್ವರಮಂಗಲದಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟವರು. ನಾನು ಎರಡು ಸಲ ಬೇಡ ಎಂದವರು.

ಪುತ್ತೂರಿನಿಂದ ಒಬ್ಬರು ನಡೆಸುವ ಮದುವೆ ಸಂಬಂಧದ ವೆಬ್‌ಸೈಟಿನಲ್ಲಿ ಅಣ್ಣ ನನ್ನ ವಿವರ ಹಾಕಿಸಿದ್ದ. ನನಗೆ ಆಗ ಮೂವತ್ತೈದು. ಯಾರಾದರೂ ಆಸಕ್ತಿ ತೋರಿಸಿದರೆ ಅವರ ಫೋಟೋದ ಕೆಳಗೆ ಎರಡು ಗುಂಡಿ ಬರುತ್ತದೆ: ಒಪ್ಪಿಗೆ, ಬೇಡ. ಒಪ್ಪಿಗೆ ಒತ್ತಿದರೆ ಅವರಿಗೆ ನಮ್ಮ ವಿಳಾಸ, ಫೋನ್ ನಂಬರು ಸಿಗುತ್ತದೆ. ಕೊಟ್ಟಿದ್ದ ನಂಬರು ಅಣ್ಣನದು. ಒಳಗೆ ಹೋಗಿ ನೋಡಿ ಒತ್ತುವುದು ಮಾತ್ರ ನಾನು. ಅಷ್ಟನ್ನು ಜಗಳ ಮಾಡಿ ಉಳಿಸಿಕೊಂಡಿದ್ದೆ.

“ನಾನು ಒಪ್ಪಿಗೆ ಕೊಡ್ಲಿಲ್ಲ,” ಎಂದೆ ನಿಂತಲ್ಲಿಂದಲೇ.

ಆ ಹೆಂಗಸು ಚಹಾದ ಲೋಟ ಕೆಳಗಿಟ್ಟರು. ಅವರು ಆ ಗಂಡಸಿನ ಅಕ್ಕ. ಬ್ಯಾಗಿನಿಂದ ಫೋನ್ ತೆಗೆದು ನನ್ನೆಡೆಗೆ ಹಿಡಿದರು. “ಇದೆಂತ ಹಾಗಾದ್ರೆ? ಇಲ್ಲಿ ಉಂಟಲ್ಲ, ಒಪ್ಪಿಗೆ ನೀಡಿದ್ದಾರೆ ಅಂತ. ಇವನಿಗೆ ಇದೆಲ್ಲ ನೋಡ್ಲಿಕ್ಕೆ ಬರುದಿಲ್ಲ. ನಾನೇ ನೋಡುದು. ನನ್ನ ಕಣ್ಣು ಸರಿ ಉಂಟು.”

“ಒತ್ತಿದ್ದು ನಾನಲ್ಲ.”

“ಮತ್ತೆ ಭೂತ ಬಂದು ಒತ್ತಿತಾ?”

ಅಣ್ಣ ನಡುವೆ ಬಂದ. “ಅವಳಿಗೆ ನಾಚಿಕೆ, ನೀವು ಕೂತ್ಕೊಳ್ಳಿ ಮಾರಾಯ್ರೆ.” ನನಗೆ ಉರಿದುಹೋಯಿತು. ನಾಚಿಕೆ ಅಲ್ಲ, ಈ ಸಂಬಂಧ ನನಗೆ ಬೇಡ, ಮೊದಲೂ ಬೇಡ ಎಂದಿದ್ದೆ, ಈಗಲೂ ಬೇಡ ಎಂದು ಎಲ್ಲರ ಮುಖಕ್ಕೆ ಹೇಳಿಬಿಟ್ಟೆ. ಆ ಅಕ್ಕ ಎದ್ದರು. ಅವರ ತಮ್ಮ ಅಷ್ಟು ಹೊತ್ತೂ ಬಾಯಿ ತೆರೆದಿರಲಿಲ್ಲ. ಈಗಲೂ ತೆರೆಯದೆ ಹೋಗಿ ಕಾರಿನಲ್ಲಿ ಕೂತರು. “ಕರೆಸಿ ಅವಮಾನ ಮಾಡಿದ್ರಲ್ಲ, ಒಳ್ಳೇದಾಗ್ಲಿ,” ಎಂದರು ಅಕ್ಕ, ನನಗಲ್ಲ, ಅಣ್ಣನಿಗೆ.

ಕಾರು ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವಾಯಿತು. ಅವರು ಫೋನ್ ಮಾಡಿದ್ದು ಹಿಂದಿನ ದಿನವೇ. ಅಣ್ಣ ನನಗೆ ಹೇಳಿರಲಿಲ್ಲ. ಯಾಕೆ ಎಂದು ಕೇಳಿದರೆ, “ಇಷ್ಟು ವರ್ಷಕ್ಕೆ ಒಮ್ಮೆ ಹೂಂ ಅಂದಿದ್ದಿ. ಕೇಳಿದ್ರೆ ಮತ್ತೆ ತಿರುಗಿ ಬೀಳ್ತಿ ಅಂತ ಸುಮ್ಮನಿದ್ದೆ,” ಎಂದ. ಒತ್ತಿದ್ದು ನಾನಲ್ಲ ಎಂಬುದನ್ನು ಅವನು ನಂಬಲೇ ಇಲ್ಲ. ಅತ್ತಿಗೆಯೂ ನಂಬಲಿಲ್ಲ. ಒತ್ತಿ ಆಮೇಲೆ ಹೆದರಿಕೊಂಡಳು ಎಂಬುದು ಇಬ್ಬರ ತೀರ್ಮಾನ. ಎರಡೇ ದಿನದಲ್ಲಿ ಸುಳ್ಯದ ನಮ್ಮ ಚಿಕ್ಕಮ್ಮನಿಗೂ ಸುದ್ದಿ ಮುಟ್ಟಿತು: ಹುಡುಗನ ಕಡೆಯವರನ್ನು ಕರೆಸಿ ಉಗಿದು ಕಳಿಸಿದಳಂತೆ.

ನಾನು ಮಾಡುವ ಕೆಲಸದಲ್ಲಿ ಒಬ್ಬರ ಫಿಲ್ಮಿನ ಮೇಲೆ ಇನ್ನೊಬ್ಬರ ಹೆಸರು ಬಂದರೆ ಮುಗಿಯಿತು. ಚೀಟಿಯಲ್ಲಿ ಬರೆದಿದ್ದರೂ ರೋಗಿಯ ಬಾಯಿಂದ ಹೆಸರು ಹೇಳಿಸಿಯೇ ಮಷಿನಿನ ಎದುರು ನಿಲ್ಲಿಸುತ್ತೇನೆ. ಹೊರಗೆ ಸಾಲು ನಿಂತು ಬೈದರೂ ಸರಿ. ಅಂಥವಳು ಬೇಡದ ಗುಂಡಿ ಒತ್ತಿದಳು ಎಂದು ಮನೆಯವರೇ ಹೇಳುವುದು ನನಗೆ ತಡೆಯದಾಯಿತು. ವೆಬ್‌ಸೈಟು ತೆರೆದು ನನ್ನ ಪುಟದ ಮೂಲೆ ಮೂಲೆ ನೋಡಿದೆ. ಕಳಿಸಿದ ಸಂದೇಶಗಳಲ್ಲಿ ನಾನು ಎಂದೂ ಬರೆಯದ್ದೊಂದು ಸಿಕ್ಕಿತು. ಕಡಬದ ಕಡೆಯ ಯಾರಿಗೋ ಹೋಗಿತ್ತು: “ನಮ್ಮ ಮಗಳಿಗೆ ನಿಮ್ಮ ಜಾತಕ ಕಳಿಸಿಕೊಡಿ.”

ಮರುದಿನ ರಜೆ ಹಾಕಿ ಪುತ್ತೂರಿಗೆ ಹೋದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಒಂದೇ ಕೋಣೆಯ ಆಫೀಸು. ನಡೆಸುವವರೊಬ್ಬರೇ. ಮೊದಲು ಮದುವೆ ಕಾಗದ ಅಚ್ಚು ಹಾಕುತ್ತಿದ್ದರಂತೆ, ಗೋಡೆಯಲ್ಲಿ ಇನ್ನೂ ಮಾದರಿಗಳು ತೂಗುತ್ತಿದ್ದವು. ವೆಬ್‌ಸೈಟನ್ನೂ ಅವರೇ ಕಟ್ಟಿದ್ದು. ನಾನು ವಿಷಯ ಹೇಳುತ್ತಿದ್ದಂತೆ ಅವರ ಮುಖದಲ್ಲಿ ನಗು ಬಂತು.

“ಇಂಥಾದ್ದು ನಾವು ತುಂಬಾ ನೋಡಿದ್ದೇವೆ ಮೇಡಂ. ಹುಡುಗಿಯರು ಒತ್ತುದು, ಮನೆಯವ್ರು ಬರುವಾಗ ಹೆದರುದು. ನಿಮ್ಮ ಮೊಬೈಲು ಮಕ್ಕಳ ಕೈಗೆ ಸಿಕ್ಕಿರ್ಬಹುದು.”

“ನಮ್ಮ ಮನೇಲಿ ಮಕ್ಕಳಿಲ್ಲ.”

“ಹಾಗಾದ್ರೆ ನೀವೇ.”

ನಾನು ಫೋನನ್ನು ಅವರ ಮೂಗಿನ ಹತ್ತಿರ ಹಿಡಿದೆ. “ಇದು ಯಾರು ಬರ್ದದ್ದು? ನಮ್ಮ ಮಗಳಿಗೆ ಜಾತಕ ಕಳಿಸಿ ಅಂತ. ನನಗೆ ಮದುವೆಯೇ ಆಗ್ಲಿಲ್ಲ. ಮಗಳು ಯಾವಾಗ ಹುಟ್ಟಿದ್ದು?”

ಅವರ ನಗು ನಿಂತಿತು. ಫೋನ್ ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. ಆಮೇಲೆ ನನ್ನನ್ನು ಮರೆತವರಂತೆ ಕಂಪ್ಯೂಟರಿನ ಕಡೆ ತಿರುಗಿ ಏನೇನೋ ತೆರೆಯತೊಡಗಿದರು. ನಾನು ಕೂತೇ ಇದ್ದೆ. ಕೊನೆಗೆ ಅವರೇ ಮೆಲ್ಲಗೆ, “ಕ್ಯಾಶ್ ಪ್ರಾಬ್ಲೆಮ್,” ಎಂದರು.

“ದುಡ್ಡಿಗೂ ಇದಕ್ಕೂ ಎಂತ ಸಂಬಂಧ?”

“ಆ ಕ್ಯಾಶ್ ಅಲ್ಲ ಮೇಡಂ. ಇದು ಬೇರೆ. ನಿಮಗೆ ಅರ್ಥ ಆಗ್ಲಿಕ್ಕಿಲ್ಲ.”

“ಅರ್ಥ ಆಗುವ ಹಾಗೆ ಹೇಳಿ. ಅಷ್ಟರವರೆಗೆ ನಾನು ಏಳುದಿಲ್ಲ.”

ಅವರು ಅಸಹನೆಯಿಂದಲೇ ಹೇಳಿದರು. ಸಂಜೆ ಹೊತ್ತು ಎಲ್ಲರೂ ಒಟ್ಟಿಗೆ ನುಗ್ಗಿದರೆ ವೆಬ್‌ಸೈಟು ನಿಂತೇ ಹೋಗುತ್ತಿತ್ತು. ಪ್ರತಿಯೊಬ್ಬರಿಗೂ ಅವರವರ ಪುಟವನ್ನು ಆ ಕ್ಷಣ ಹೊಸದಾಗಿ ಕಟ್ಟಿ ಕೊಡಬೇಕು. ಪುಟ ಕಟ್ಟುವ ಸರ್ವರಿಗೆ ಅದು ಹೊರೆ. ಅದಕ್ಕೆ ಅದರ ಮುಂದೆ ಇನ್ನೊಂದು ಸರ್ವರ್ ನಿಲ್ಲಿಸಿದರು. ಮೊದಲು ಬಂದವರಿಗಾಗಿ ಅದು ಹಿಂದಿನಿಂದ ಪುಟ ತರುತ್ತದೆ, ಒಂದು ನಕಲು ತನ್ನಲ್ಲಿ ಇಟ್ಟುಕೊಳ್ಳುತ್ತದೆ, ಸ್ವಲ್ಪ ಹೊತ್ತಿನವರೆಗೆ ಅದೇ ಪುಟ ಕೇಳಿದವರಿಗೆಲ್ಲ ಹಿಂದೆ ಹೋಗದೆ ಆ ನಕಲನ್ನೇ ಕೊಡುತ್ತದೆ. ಆ ನಕಲಿಗೆ ಕ್ಯಾಶ್, ಮುಂದಿನ ಸರ್ವರಿಗೆ ಪ್ರಾಕ್ಸಿ ಎನ್ನುತ್ತಾರಂತೆ. ನನಗೆ ಗೊತ್ತಿದ್ದ ಪ್ರಾಕ್ಸಿ ಕಾಲೇಜಿನದು: ಬಾರದವಳ ಹಾಜರಿಗೆ ಇನ್ನೊಬ್ಬಳು ಪ್ರೆಸೆಂಟ್ ಎಂದು ಕೂಗುವುದು.

“ಎಲ್ಲರಿಗೂ ಒಂದೇ ಇರುವ ಪುಟ ಇಟ್ಟುಕೊಂಡ್ರೆ ತೊಂದರೆ ಇಲ್ಲ,” ಎಂದರು. “ನಿಮ್ಮ ಪುಟ ನಿಮಗೆ ಮಾತ್ರ. ಅದನ್ನು ಇಟ್ಕೊಳ್ಬೇಡ ಅಂತ ಹಿಂದಿನ ಸರ್ವರ್ ಹೇಳ್ತಿತ್ತು. ಸ್ಪೀಡ್ ಬರ್ಲಿ ಅಂತ ಆ ಮಾತನ್ನು ಕೇಳದ ಹಾಗೆ ನಾನೇ ಮಾಡಿದ್ದು.”

“ನಾನು ಒಳಗೆ ಹೋದಾಗ ನನ್ನ ಪುಟ ಇಟ್ಕೊಂಡಿತು.”

“ಹೌದು.”

“ಆಮೇಲೆ ಬಂದವರಿಗೆಲ್ಲ ನನ್ನ ಪುಟ ಕೊಟ್ಟಿತು.”

“ಪುಟದೊಟ್ಟಿಗೆ ಒಂದು ಗುರುತಿನ ಚೀಟಿಯ ಹಾಗಿನದ್ದು ಹೋಗ್ತದೆ. ಅದೂ ನಕಲಾಗಿದೆ. ಹಾಗಾಗಿ ಅವ್ರು ಒತ್ತಿದ್ದೆಲ್ಲ ನೀವು ಒತ್ತಿದ ಹಾಗೆ ಹಿಂದಿನ ಸರ್ವರಿಗೆ ಕಂಡಿದೆ.”

ಗುರುವಾರ ಸಂಜೆ ಡ್ಯೂಟಿ ಮುಗಿಸಿ, ಬಸ್ಸು ಕಾಯುತ್ತ ಒಂದು ಗಳಿಗೆ ಆ ವೆಬ್‌ಸೈಟು ತೆರೆದಿದ್ದೆ. ಹೊಸದೇನೂ ಇರಲಿಲ್ಲ, ಎರಡು ಸಲ ಬೇಡ ಎಂದವರದೇ ಮೂರನೇ ಸಲ ಬಂದಿತ್ತು. ಏನೂ ಒತ್ತದೆ ಮುಚ್ಚಿ ಬಸ್ಸು ಹತ್ತಿದ್ದೆ. ಆಗ ಯಾರ್ಯಾರೋ ನಾನಾಗಿ ಒಳಗೆ ಓಡಾಡಿದ್ದರು. ತಪ್ಪಾಯಿತು ಎಂಬ ಮಾತು ಮಾತ್ರ ಆಫೀಸಿನವರ ಬಾಯಿಂದ ಬರಲಿಲ್ಲ. ಒಂದು ವರ್ಷ ಗೋಲ್ಡ್ ಸದಸ್ಯತ್ವ ಉಚಿತ ಕೊಡುತ್ತೇನೆ, ಯಾರಿಗೂ ಹೇಳಬೇಡಿ ಎಂದರು.

“ಒಪ್ಪಿಗೆ ಒತ್ತಿದ್ದು ಯಾರು? ಅದು ನಿಮಗೆ ಕಾಣ್ತದಲ್ವಾ?”

“ಅದು ಹೇಳ್ಲಿಕ್ಕಾಗುದಿಲ್ಲ. ಬೇರೆಯವರ ಖಾಸಗಿ ವಿಷಯ.”

“ನನ್ನ ಖಾಸಗಿ ವಿಷಯ ಊರಿಗೆಲ್ಲ ಹಂಚುವಾಗ ಇದು ನೆನಪಿರ್ಲಿಲ್ವಾ ನಿಮಗೆ?”

ನನ್ನ ದನಿ ಎಷ್ಟು ಏರಿತ್ತೋ, ಪಕ್ಕದ ಟೈಲರ್ ಅಂಗಡಿಯವರು ಬಂದು ಇಣುಕಿದರು. ಆಫೀಸಿನವರು ಬಾಗಿಲು ಹಾಕಿ ಬಂದು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಒತ್ತಿದ ಫೋನಿನಿಂದ ಅದಕ್ಕೆ ಸ್ವಲ್ಪ ಮೊದಲು ಒಳಗೆ ಬಂದ ಖಾತೆ ಈಶ್ವರಮಂಗಲದ ಪಂಪ್ ರಿಪೇರಿಯವರದು.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿಸಿದೆ. ಅವರು ಸರ್ವರು, ಟೆಕ್ನಿಕಲ್ ಎಂದೆಲ್ಲ ಎರಡು ಮಾತು ಹೇಳಿ ಇಟ್ಟರು. ನಾನು ಮತ್ತೆ ಮಾಡಿದಾಗ ಅಣ್ಣ, “ನೀನು ಹೋಗಿ ಗಲಾಟೆ ಮಾಡಿದ್ರೆ ಅವ್ರು ಇನ್ನೆಂತ ಹೇಳುದು?” ಎಂದ. ನಾನು ಈಶ್ವರಮಂಗಲದ ಬಸ್ಸು ಹತ್ತಿದೆ.

ಪಂಪ್ ರಿಪೇರಿಯವರ ಮನೆ ಕೇಳಿದರೆ ಪೇಟೆಯಲ್ಲಿ ಯಾರಾದರೂ ತೋರಿಸುತ್ತಾರೆ. ಅಂಗಡಿಯ ಹಿಂದೆಯೇ ಮನೆ. ಆ ಅಕ್ಕ ಹೊರಗೆ ತೊಳೆದ ಬಟ್ಟೆ ಒಣಗಹಾಕುತ್ತಿದ್ದರು. ನನ್ನನ್ನು ಕಂಡು ಅವರ ಕೈ ನಿಂತಿತು, ಬಾ ಎನ್ನಲಿಲ್ಲ.

“ಗುರುವಾರ ಸಂಜೆ ಒಪ್ಪಿಗೆ ಒತ್ತಿದ್ದು ನೀವಲ್ವಾ?” ಎಂದು ಕೇಳಿದೆ.

ಅವರು ಒದ್ದೆ ಬಟ್ಟೆಯನ್ನು ಬಕೆಟಿಗೆ ಹಾಕಿದರು. ಇಲ್ಲ ಎನ್ನುತ್ತಾರೆಂದು ನಾನು ಸಿದ್ಧಳಾಗಿಯೇ ಬಂದಿದ್ದೆ. ಅವರು ಇಲ್ಲ ಎನ್ನಲಿಲ್ಲ.

“ತಮ್ಮನದ್ದು ನೋಡುವ ಅಂತ ತೆಗ್ದೆ. ತೆಗ್ದರೆ ಅವನದ್ದೇ ಫೋಟೋ. ಕೆಳಗೆ ಒಪ್ಪಿಗೆ, ಬೇಡ ಅಂತ ಕೇಳ್ತಾ ಉಂಟು. ಮೇಲೆ ನಿಮ್ಮ ಹೆಸರು ಉಂಟು ಅಂತ ಆಮೇಲೆ ಕಂಡದ್ದು.”

“ಕಂಡ ಮೇಲೂ ಒತ್ತಿದ್ರಿ.”

“ಒತ್ತಿದೆ. ನನ್ನ ತಮ್ಮನ ಫೋಟೋದ ಕೆಳಗೆ ಬೇಡ ಅಂತ ಒತ್ತಲಿಕ್ಕೆ ನನ್ನಿಂದ ಆಗ್ತದಾ?”

“ಮುಚ್ಚಿ ಇಡಬಹುದಿತ್ತು.”

“ನಿಮಗೆ ಸುಲಭ ಉಂಟು ಹೇಳ್ಲಿಕ್ಕೆ. ಎರಡು ಸಲ ಬೇಡ ಅಂದಿರಿ. ಯಾಕೆ ಅಂತ ಒಂದು ಮಾತು ಬರ್ದಿರಾ? ಬಾಯಿ ಇಲ್ಲದವ, ಎಂಥವ ಅಂತ ನೋಡ್ಲಿಕ್ಕೆ ಬಂದವ್ರೇ ಇಲ್ಲ. ಒಮ್ಮೆ ಮುಖ ನೋಡಿದ್ರೆ ಮನಸ್ಸು ಬದಲಾದೀತು ಅಂತ...”

“ಅವರೊಟ್ಟಿಗೆ ಮಾತಾಡ್ಬೇಕು ಅಂತ ನಾನೇ ಬರ್ದಿದ್ದೆ. ಉತ್ತರ ಯಾರು ಬರ್ದದ್ದು?”

ಅವರು ಬಕೆಟಿನಿಂದ ಬಟ್ಟೆಯೊಂದನ್ನು ಎತ್ತಿ ಹಿಂಡತೊಡಗಿದರು.

“ಮನೇಲಿ ಎಷ್ಟು ಜನ, ಎಷ್ಟು ಹೊತ್ತಿಗೆ ಏಳ್ತೀರಿ, ಕೆಲಸ ಬಿಡ್ತೀರಾ ಅಂತ ಕೇಳಿದ್ದೆಲ್ಲ ನೀವು. ಎರಡನೇ ಸಲವೂ ನೀವೇ. ನನಗೆ ನಿಮ್ಮೊಟ್ಟಿಗೆ ಮದುವೆ ಆಗ್ಲಿಕ್ಕಿಲ್ಲ.”

ಅಂಗಡಿಯೊಳಗೆ ಮೋಟಾರಿನ ಸದ್ದು ಆಗಲೇ ನಿಂತಿತ್ತು ಎಂಬುದು ಆಗ ನನ್ನ ಗಮನಕ್ಕೆ ಬಂತು. ಯಾರೂ ಹೊರಗೆ ಬರಲಿಲ್ಲ. ಆ ಅಕ್ಕನ ಕಣ್ಣು ತುಂಬಿತ್ತು, ಆದರೆ ದನಿ ಬಗ್ಗಲಿಲ್ಲ. “ನಿಮ್ಮಂಥವಳು ಈ ಮನೆಗೆ ಬಾರದ್ದು ಒಳ್ಳೇದೇ ಆಯ್ತು,” ಎಂದರು. “ಅದನ್ನೇ ನಮ್ಮ ಅಣ್ಣನಿಗೆ ಹೇಳಿ,” ಎಂದು ನನ್ನ ಫೋನಿನಿಂದ ನಂಬರು ಒತ್ತಿ ಅವರ ಕೈಗೆ ಕೊಟ್ಟೆ. ಮಾತಾಡುವುದಿಲ್ಲ, ಫೋನು ಬಿಸಾಡುತ್ತಾರೆ ಎಂದುಕೊಂಡಿದ್ದೆ. ಅವರು ಕಿವಿಗಿಟ್ಟು, “ಒತ್ತಿದ್ದು ನಿಮ್ಮ ತಂಗಿಯಲ್ಲ, ನಾನು,” ಎಂದಷ್ಟೇ ಹೇಳಿ ವಾಪಸು ಕೊಟ್ಟರು. ಆಮೇಲೆ ನನಗೆ ಬೆನ್ನು ಹಾಕಿ ಬಟ್ಟೆ ಕೊಡವತೊಡಗಿದರು.

ಅಣ್ಣ ಕ್ಷಮೆ ಕೇಳಲಿಲ್ಲ. “ಅಷ್ಟು ದೂರ ಹೋಗುವ ಅಗತ್ಯ ಎಂತ ಇತ್ತು?” ಎಂದು ಮಾತ್ರ ಕೇಳಿದ. ಬಹಳ ದಿನ ನಮ್ಮಿಬ್ಬರ ಮಾತು ಅತ್ತಿಗೆಯ ಮೂಲಕವೇ ನಡೆಯಿತು. ನಾನು ಆ ವೆಬ್‌ಸೈಟಿನಿಂದ ನನ್ನ ವಿವರ ತೆಗೆಸಿದೆ. ತೆಗೆಯುವವರೆಗೆ ದಿನಾ ಆಫೀಸಿಗೆ ಫೋನ್ ಮಾಡಿ ಬೈದೆ. ಈಗ ಎಲ್ಲ ಸರಿ ಮಾಡಿದ್ದೇವೆ, ಸ್ವಂತ ಪುಟ ಯಾವುದನ್ನೂ ಮುಂದಿನ ಸರ್ವರಿನಲ್ಲಿ ಇಡುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಇರಬಹುದು. ನನ್ನ ಜತೆ ಕೆಲಸ ಮಾಡುವ ನರ್ಸೊಬ್ಬಳು ಅದರಲ್ಲಿ ಇದ್ದಾಳೆ, ಸಂಜೆ ತೆರೆದರೆ ಸುತ್ತುತ್ತಲೇ ಇರುತ್ತದೆ ಎಂದು ಗೊಣಗುತ್ತಾಳೆ.

ಅದಾಗಿ ಕೆಲವು ವಾರಗಳ ಮೇಲೆ, ಊಟದ ಹೊತ್ತಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

“ಈಶ್ವರಮಂಗಲದಿಂದ. ನಾನೇ ಮಾತಾಡುದು, ನಂಬರು ನಿಮ್ಮ ಅಣ್ಣ ಕೊಟ್ಟದ್ದು,” ಎಂದಿತು ಗಂಡಸಿನ ದನಿ.

ಗುರುತು ಸಿಕ್ಕಿತು. ನಮ್ಮ ಜಗಲಿಯಲ್ಲಿ ಬಾಯಿ ತೆರೆಯದೆ ಹೋದವರು.

“ಅಕ್ಕ ಒತ್ತಿದ್ದು ನನಗೆ ಗೊತ್ತಿರ್ಲಿಲ್ಲ. ಆ ದಿನ ಅಂಗಡಿಯೊಳಗೆ ಕೂತು ಎಲ್ಲ ಕೇಳಿದೆ.” ಆಮೇಲೆ, “ಕೋಪ ಉಂಟಾ?” ಎಂದರು.

“ಉಂಟು,” ಎಂದೆ.

“ನನಗೂ ಉಂಟು,” ಎಂದು ಅವರು ಫೋನಿಟ್ಟರು. ಯಾರ ಮೇಲೆ ಎಂದು ಕೇಳುವಷ್ಟು ಹೊತ್ತು ಸಿಗಲಿಲ್ಲ. ಹೊರಗೆ ಕಾಲು ಮುರಿದುಕೊಂಡ ಒಬ್ಬರನ್ನು ಗಾಲಿಕುರ್ಚಿಯಲ್ಲಿ ತಂದು ನಿಲ್ಲಿಸಿದ್ದರು. ಕೈ ತೊಳೆದು ಎದ್ದೆ.