ತೆಂಗಿನೆಣ್ಣೆ ಸವರಿದ ಚೆಂಡು

ಇವತ್ತು ಎಂಬಕಸಿ ಬಡಾವಣೆಯ ಮೈದಾನದ ಪಕ್ಕ ಗಾಡಿ ನಿಲ್ಲಿಸಿದೆ. ತೆಂಗಿನೆಣ್ಣೆಯ ವಾಸನೆ!

ನನ್ನ ಪಪ್ಪ ಇದೇ ನೈರೋಬಿಯ ಒಂದು ಕಾಲೇಜಿನ ಫುಟ್‌ಬಾಲ್ ಕೋಚ್ ಆಗಿದ್ದರು. ಮಂಗಳೂರಿಂದ ಬಂದ ಎಣ್ಣೆಯನ್ನು ಮಮ್ಮಿ ನಮ್ಮ ತಲೆಗೆಂದು ಎತ್ತಿಟ್ಟರೆ, ಪಪ್ಪ ಅದನ್ನು ತೊಗಲಿನ ಚೆಂಡಿಗೆ ಸವರಿ ಮುಗಿಸುತ್ತಿದ್ದರು. ಪ್ರತಿ ಶನಿವಾರ ನನ್ನನ್ನೂ ಮಟಾಟು ವ್ಯಾನ್ ಹತ್ತಿಸಿ ಇಲ್ಲಿಗೆ ಬಂದು, ಮರದಡಿಯ ಕಲ್ಲಿನ ಮೇಲೆ ಕೂರುತ್ತಿದ್ದರು. ಧೂಳಲ್ಲಿ ಬರಿಗಾಲಲ್ಲಿ ಆಡುವ ಹುಡುಗರನ್ನು ಆರಿಸಿ ಕಾಲೇಜಿಗೆ ಸೇರಿಸುತ್ತಿದ್ದರು. ಆಗ ನಮ್ಮನ್ನು ಸೋಲಿಸುವವರೇ ಇರಲಿಲ್ಲ.

ಒಂದು ಶನಿವಾರ ಪಪ್ಪ ಸೋಫಾದಿಂದ ಏಳಲೇ ಇಲ್ಲ. "ಇನ್ನು ನಾವ್ಯಾಕೆ ಹೋಗುದು ಮಗಾ? ಇಷ್ಟು ಕಪ್ ಗೆದ್ದಿದ್ದೇವೆ, ಅವರೇ ಹುಡುಕಿಕೊಂಡು ಬರ್ತಾರೆ."

ಯಾರೂ ಬರಲಿಲ್ಲ. ಆಮೇಲೆ ಸೋತಾಗಲೆಲ್ಲ ಪಪ್ಪ ರೆಫರಿಯದ್ದೇ ತಪ್ಪೆಂದು ಬೈದರು. ನಾನು ಇವತ್ತಿನವರೆಗೂ ಅದನ್ನೇ ನಂಬಿದ್ದೆ.

ಅದೇ ಕಲ್ಲಿನ ಮೇಲೆ ಮುದುಕರೊಬ್ಬರು ಹಳೇ ಚೆಂಡಿಗೆ ಎಣ್ಣೆ ಸವರುತ್ತಿದ್ದರು. ಮಾತಾಡಿಸಿದರೆ, ನಮ್ಮನ್ನು ಮೊದಲು ಸೋಲಿಸಿದ ಕಾಲೇಜಿನ ಕೋಚ್! ಪಪ್ಪನ ಹೆಸರು ಹೇಳಿದೆ. ದಡಬಡಿಸಿ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು.

"ಹುಡುಗನಾಗಿದ್ದಾಗ ಇಲ್ಲಿಂದ ನನ್ನನ್ನು ಆರಿಸಿದ್ದೇ ಅವರು. ಅವರು ಬರೋದು ನಿಲ್ಲಿಸಿದ ಮೇಲೂ ಎಷ್ಟೋ ಶನಿವಾರ ಈ ಕಲ್ಲನ್ನು ಖಾಲಿ ಬಿಟ್ಟು ಕಾದೆ. ಆಮೇಲೆ ಹುಡುಗರನ್ನು ಆರಿಸಲು ನಾನೇ ಕೂತೆ."